ಪಾಯಿಂಟ್ 22 ರೈಫಲ್: ಕೊಳ್ಳುವುದು, ಮಳೆಗಾಲದಲ್ಲಿ ಕಾಪಾಡುವುದು, ಮಾರ್ಪಡಿಸುವುದು – ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ಇರುತ್ತದೆ) ಮುಗಿದ ವಾರದಲ್ಲಿ ನನಗೆ ಪ್ರತಿವರ್ಷವೂ ಒಂದೇ ಪ್ರಶ್ನೆ ಬರುತ್ತದೆ. ಕಳೆದ ವರ್ಷ ಮೊದಲ ಗುಂಡಿಗೇ ತೆಂಗಿನಕಾಯಿ ಒಡೆದ ರೈಫಲ್ ಈ ವರ್ಷ ಮೂರಕ್ಕೆ ಮೂರೂ ತಪ್ಪಿತು, ಹಾಗಾದರೆ ಯಾವ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಕೊಳ್ಳಬೇಕು, ಟ್ರಿಗರ್ ಹಗುರ ಮಾಡಿಸಬೇಕೇ, ಹೊಸ ರೈಫಲ್ಲನ್ನೇ ತರಬೇಕೇ ಎಂದು ಕೇಳುತ್ತಾರೆ. ಸಿಪ್ಪೆ ಸುಲಿದ ತೆಂಗಿನಕಾಯಿಯ ಅಗಲ ಹತ್ತು ಸೆಂಟಿಮೀಟರ್ ಆಸುಪಾಸು ಇರುತ್ತದೆ. ಸುಸ್ಥಿತಿಯಲ್ಲಿರುವ ಸಾಧಾರಣ ಪಾಯಿಂಟ್ 22 (ನಳಿಗೆಯ ಒಳಅಳತೆ ಸುಮಾರು 0.22 ಇಂಚು) ರೈಫಲ್ ಐವತ್ತು ಮೀಟರ್ ದೂರದಲ್ಲಿ ಮೂರು–ನಾಲ್ಕು ಸೆಂಟಿಮೀಟರ್ ಅಗಲದೊಳಗೆ ಐದೂ ಗುಂಡುಗಳನ್ನು ಇಡಬಲ್ಲದು. ಆದ್ದರಿಂದ ಕಾಯಿ ತಪ್ಪಿದರೆ ರೈಫಲ್ ಕಳಪೆ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ನಾನು ಬಿಚ್ಚಿ ನೋಡಿದ ರೈಫಲ್‌ಗಳಲ್ಲಿ ಹೆಚ್ಚಿನವುಗಳ ದೋಷ ಸಡಿಲಗೊಂಡ ತಿರುಪು, ಮಳೆಗೆ ಉಬ್ಬಿದ ಮರ, ಜಿಡ್ಡುಗಟ್ಟಿದ ಬೋಲ್ಟ್ (ತೋಟಾವನ್ನು ಒಳದೂಡಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ಅಥವಾ ಕಲಬೆರಕೆ ತೋಟಾಗಳಲ್ಲಿ ಇತ್ತು. ಇವನ್ನು ಸರಿಪಡಿಸದೆ ಮಾಡುವ ಯಾವ ಮಾರ್ಪಾಡೂ ಹಣ ಕಳೆಯುವ ದಾರಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು, ಕ್ರಮ ತಪ್ಪಿಸಿದರೆ ಮುಂದಿನ ಹಂತದ ಫಲಿತಾಂಶವನ್ನು ನಂಬಲಾಗದು.

ಹಂತ 1: ಕಾಗದಪತ್ರ

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಲಾಗಿದೆ. ಆದರೆ ಅದು ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ ವಿನಾಯಿತಿಯೇ ಹೊರತು ಅದನ್ನು ಬೇಕಾದಂತೆ ಬದಲಾಯಿಸಲು ಕೊಟ್ಟ ಅನುಮತಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪ್ರತ್ಯೇಕ ಪರವಾನಗಿ ಇಲ್ಲದೆ ನಳಿಗೆಯನ್ನು ಮೊಟಕುಗೊಳಿಸುವುದು ಅಪರಾಧ, ಕೋವಿಯ ಮೇಲಿನ ಗುರುತು ಸಂಖ್ಯೆಯನ್ನು ಅಳಿಸುವುದು ಅಥವಾ ತಿದ್ದುವುದು ಅಪರಾಧ. ಸದ್ದು ಅಡಗಿಸುವ ಸೈಲೆನ್ಸರ್ ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕೇ ಆಗುತ್ತದೆ. ರಿಪೇರಿ ಮತ್ತು ಮಾರ್ಪಾಡಿನ ಕೆಲಸವನ್ನು ಪರವಾನಗಿ ಇರುವ ಬಂದೂಕು ಕೆಲಸಗಾರರೇ ಮಾಡಬೇಕು, ವೆಲ್ಡಿಂಗ್ ಅಂಗಡಿಯವರಲ್ಲ.

ಸಂಗ್ರಹ ಮಾಡಬಯಸುವ ಪರವಾನಗಿದಾರರು 2019ರ ತಿದ್ದುಪಡಿಯನ್ನು ನೆನಪಿಡಬೇಕು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಆಗ ಮೂರರಿಂದ ಎರಡಕ್ಕೆ ಇಳಿಯಿತು ಮತ್ತು ಪಿತ್ರಾರ್ಜಿತವಾಗಿ ಬಂದ ಕೋವಿಯೂ ಆ ಲೆಕ್ಕದೊಳಗೇ ಬರುತ್ತದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22 ರೈಫಲ್ಲಿಗೆ ಈ ಮಿತಿ ಅನ್ವಯಿಸುವುದಿಲ್ಲ. ಹೀಗಾಗಿ ಮೂರನೆಯ ರೈಫಲ್ಲಿಗೆ ಮುಂಗಡ ಕೊಡುವ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ನಿಮ್ಮ ವಿನಾಯಿತಿ ಪ್ರಮಾಣಪತ್ರ ಅಥವಾ ಪರವಾನಗಿ ಯಾವ ವರ್ಗದ ಶಸ್ತ್ರಕ್ಕೆ, ಎಷ್ಟು ಸಂಖ್ಯೆಗೆ, ಎಷ್ಟು ತೋಟಾಗೆ ಅನ್ವಯಿಸುತ್ತದೆ ಎಂದು ಕೇಳಿ ತಿಳಿಯಿರಿ. ಪಿಸ್ತೂಲಿನ ವಿಷಯದಲ್ಲಿ ರೈಫಲ್ಲಿನ ಕಾಗದವೇ ಸಾಲುತ್ತದೆ ಎಂದು ಊಹಿಸಿಕೊಳ್ಳಲೇಬೇಡಿ.

ಹಂತ 2: ಉಪಕರಣಗಳು

ಒಂದೇ ತುಂಡಿನ, ಪ್ಲಾಸ್ಟಿಕ್ ಲೇಪವಿರುವ ಶುಚಿಗೊಳಿಸುವ ಕೋಲು, 22ರ ಅಳತೆಯ ಹಿತ್ತಾಳೆ ತುದಿ ಮತ್ತು ಕಂಚಿನ ಬ್ರಷ್, ಕೋಲು ನಳಿಗೆಯ ಮಧ್ಯದಲ್ಲೇ ಚಲಿಸುವಂತೆ ಮಾಡುವ ಬೋರ್ ಗೈಡ್, ಹತ್ತಿ ಬಟ್ಟೆಯ ಚಿಕ್ಕ ತುಂಡುಗಳು, ಬೋರ್ ಸಾಲ್ವೆಂಟ್ (ನಳಿಗೆಯ ಮಸಿ ಕರಗಿಸುವ ದ್ರವ), ತೆಳುವಾದ ಗನ್ ಆಯಿಲ್, ತಿರುಪಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರುಗಳು, ಸಣ್ಣ ಟಾರ್ಚ್, ಎರಡು ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟಾ), ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಇದಿಷ್ಟು ಸಾಕು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮೂರು ತುಂಡುಗಳ ಅಲ್ಯೂಮಿನಿಯಂ ಕೋಲನ್ನು ಬಿಟ್ಟುಬಿಡಿ. ಮೆದುವಾದ ಲೋಹಕ್ಕೆ ಕಸ ಕಚ್ಚಿಕೊಂಡು ಅದು ಅರದಂತೆ ನಳಿಗೆಯನ್ನು ಉಜ್ಜುತ್ತದೆ, ಜೋಡಣೆಯ ಅಂಚುಗಳು ಒಳಗಿನ ಸುರುಳಿಗೆರೆಗಳನ್ನು ಸವೆಸುತ್ತವೆ.

ಎಣ್ಣೆಯ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಮನೆಯಲ್ಲಿ ಇದೆ ಎಂದು ಕೊಬ್ಬರಿ ಎಣ್ಣೆ ಹಾಕುವವರು ಇನ್ನೂ ಇದ್ದಾರೆ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಮಡಿಕೇರಿಯ ಬೆಳಗಿನ ಚಳಿಗೆ ಬೋಲ್ಟಿನೊಳಗೆ ಮೇಣದಂತೆ ಕೂರುತ್ತದೆ. ಆಗ ಫೈರಿಂಗ್ ಪಿನ್ (ತೋಟಾಗೆ ಬಡಿದು ಅದನ್ನು ಹಾರಿಸುವ ಮೊಳೆ) ನಿಧಾನವಾಗಿ ಬಡಿದು ತೋಟಾ ಹಾರುವುದಿಲ್ಲ, ಜನ ತೋಟಾವನ್ನು ಬೈಯುತ್ತಾರೆ. ಸ್ಪ್ರೇ ಡಬ್ಬಿಯ ಡಬ್ಲ್ಯುಡಿ-40 ನೀರನ್ನು ಓಡಿಸಲು ಒಳ್ಳೆಯದು, ಆದರೆ ತಿಂಗಳುಗಟ್ಟಲೆ ತುಕ್ಕು ತಡೆಯುವ ಎಣ್ಣೆಯೆಂದು ಅದನ್ನು ನಂಬಬಾರದು.

ಹಂತ 3: ಹಳೆಯ ರೈಫಲ್ ಕೊಳ್ಳುವಾಗಿನ ಪರೀಕ್ಷೆ

ನಮ್ಮ ಕಡೆ ಕೈಬದಲಾಗುವ ಪಾಯಿಂಟ್ 22 ರೈಫಲ್‌ಗಳಲ್ಲಿ ಹಳೆಯ ಬಿಎಸ್‌ಎ, ಬ್ರುನೊ, ಈಶಾಪುರದ ಸ್ಪೋರ್ಟಿಂಗ್ ರೈಫಲ್‌ಗಳನ್ನು ನೋಡಬಹುದು. ಹೆಸರಿಗಿಂತ ನಳಿಗೆಯ ಸ್ಥಿತಿ ಮುಖ್ಯ. ಮೊದಲು ಮ್ಯಾಗಜಿನ್ ಕಳಚಿ, ಬೋಲ್ಟ್ ತೆಗೆದು, ಚೇಂಬರಿನ (ತೋಟಾ ಕೂರುವ ಕುಳಿ) ಬಾಯಿಗೆ ಕಿರುಬೆರಳ ತುದಿಯಿಟ್ಟು ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಕಣ್ಣಿನಿಂದ ನೋಡಿದ್ದು ಸಾಲದು, ಬೆರಳಿನಿಂದ ಮುಟ್ಟಿಯೇ ನೋಡಬೇಕು.

ಅನಂತರ ಬೋಲ್ಟಿನ ಕಡೆಯಿಂದ ಬೆಳಕು ಬಿಟ್ಟು ನಳಿಗೆಯೊಳಗೆ ನೋಡಿ. ಸುರುಳಿಗೆರೆಗಳು ಮೂತಿಯವರೆಗೂ ಒಂದೇ ಸಮನಾಗಿ ಹೊಳೆಯಬೇಕು. ನಡುವೆ ಎಲ್ಲಾದರೂ ಕಪ್ಪು ಉಂಗುರದಂತಹ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ, ಅಂದರೆ ಹಿಂದೊಮ್ಮೆ ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಹೊಡೆದಿದ್ದಾರೆ. ಅಂತಹ ರೈಫಲ್ಲನ್ನು ಎಷ್ಟೇ ಅಗ್ಗವಾದರೂ ಬಿಡಿ. ಇಡೀ ನಳಿಗೆಯಲ್ಲಿ ಚುಕ್ಕಿ ಚುಕ್ಕಿ ಹೊಂಡಗಳಿದ್ದರೆ ಹಳೆಯ ಕಾಲದ ತುಕ್ಕುಕಾರಕ ಮದ್ದಿನ ತೋಟಾಗಳ ಗುರುತು ಅದು. ಸಂಗ್ರಹಕ್ಕೆ ಇರಲಿ ಎಂದು ಕೊಳ್ಳಬಹುದು, ಸ್ಪರ್ಧೆಗೆ ನೆಚ್ಚಬಾರದು.

ಮೂರನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಪಾಯಿಂಟ್ 22ರಂತಹ ರಿಮ್‌ಫೈರ್ ತೋಟಾದಲ್ಲಿ ಸಿಡಿಮದ್ದು ಬುಡದ ಅಂಚಿನ ಸುತ್ತ ಇರುವುದರಿಂದ ಫೈರಿಂಗ್ ಪಿನ್ ಅಂಚಿಗೇ ಬಡಿಯುತ್ತದೆ. ತೋಟಾ ಇಲ್ಲದೆ ಟ್ರಿಗರ್ ಎಳೆದರೆ ಹಲವು ಹಳೆಯ ರೈಫಲ್‌ಗಳಲ್ಲಿ ಪಿನ್ ನೇರವಾಗಿ ಚೇಂಬರಿನ ಬಾಯಿಯ ಅಂಚಿಗೆ ಬಡಿದು ಸಣ್ಣ ತಗ್ಗು ಬೀಳಿಸುತ್ತದೆ, ಅಲ್ಲಿಂದ ಒಳಕ್ಕೆ ಚಾಚಿದ ಲೋಹದ ಮುಳ್ಳು ತೋಟಾವನ್ನು ಕೂರಲು ಬಿಡುವುದಿಲ್ಲ, ಖಾಲಿ ಚಿಪ್ಪನ್ನು ಹೊರಬರಲು ಬಿಡುವುದಿಲ್ಲ. ಟಾರ್ಚ್ ಹಿಡಿದು ಆ ಅಂಚನ್ನು ನೋಡಿ. ಮನೆಗೆ ಬಂದ ನೆಂಟರ ಕೈಗೆ ರೈಫಲ್ ಕೊಟ್ಟು ‘ಕುದುರೆ ಎಳೆದು ನೋಡಿ’ ಎನ್ನುವ ಅಭ್ಯಾಸದ ಫಲ ಇದು. ಟ್ರಿಗರ್ ತೋರಿಸಲೇಬೇಕಾದರೆ ಸ್ನ್ಯಾಪ್ ಕ್ಯಾಪ್ ಹಾಕಿ ತೋರಿಸಿ.

ಕೊನೆಯದಾಗಿ ಮೂತಿಯ ಅಂಚು. ಗುಂಡನ್ನು ಕಡೆಗೆ ಮುಟ್ಟುವುದು ಅದೇ ಆದ್ದರಿಂದ ಒಂದು ಕಡೆ ಸವೆದಿದ್ದರೂ ಗುಂಡು ವಾಲುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಂಚಿನ ಸುತ್ತ ಆಡಿಸಿ ನೋಡಿ, ನೂಲು ಸಿಕ್ಕಿದ ಕಡೆ ಗಾಯವಿದೆ.

ಹಂತ 4: ಶುಚಿಗೊಳಿಸುವುದು

ಬೋಲ್ಟ್ ತೆಗೆಯಬಹುದಾದ ರೈಫಲ್ಲನ್ನು ಯಾವಾಗಲೂ ಹಿಂದಿನಿಂದ ಮುಂದಕ್ಕೆ ಶುಚಿಗೊಳಿಸಬೇಕು. ಮೂತಿಯಿಂದ ಕೋಲು ತೂರಿಸಿದರೆ ಮೇಲೆ ಹೇಳಿದ ಅಂಚನ್ನು ನಾವೇ ಸವೆಸಿದಂತಾಗುತ್ತದೆ, ಕಸವೆಲ್ಲ ಟ್ರಿಗರಿನ ಮೇಲೆ ಬೀಳುತ್ತದೆ.

ಮೊದಲು ಸಾಲ್ವೆಂಟಿನಲ್ಲಿ ನೆನೆಸಿದ ಬಟ್ಟೆಯ ತುಂಡೊಂದನ್ನು ಮೂತಿಯ ಆಚೆಗೆ ದೂಡಿ, ಅಲ್ಲೇ ಬಟ್ಟೆಯನ್ನು ಕಳಚಿ, ಕೋಲನ್ನು ಖಾಲಿಯಾಗಿ ಹಿಂದಕ್ಕೆ ಎಳೆಯಿರಿ. ಹತ್ತು ನಿಮಿಷ ಬಿಟ್ಟು ಒಣ ತುಂಡುಗಳನ್ನು ಒಂದೊಂದಾಗಿ ದೂಡಿ. ಮೊದಲನೆಯದು ಕಪ್ಪಗೆ, ಎರಡು ಮೂರನೆಯವು ಬೂದಿಬಣ್ಣಕ್ಕೆ ಬರುತ್ತವೆ. ಬೆಳ್ಳಿಯ ಜರಿಯಂತೆ ಹೊಳೆಯುವ ಚೂರುಗಳು ಬಟ್ಟೆಗೆ ಅಂಟಿದ್ದರೆ ಅದು ಸೀಸ, ಆಗ ಮಾತ್ರ ಕಂಚಿನ ಬ್ರಷ್ಷನ್ನು ನಾಲ್ಕೈದು ಸಲ ಆಡಿಸಿ. ಬ್ರಷ್ಷನ್ನು ನಳಿಗೆಯ ನಡುವೆ ತಿರುಗಿಸಿ ಹಿಂದಕ್ಕೆಳೆಯಬೇಡಿ, ಪೂರ್ತಿ ಹೊರಬಂದ ಮೇಲೆಯೇ ಎಳೆಯಿರಿ. ಚೇಂಬರಿನ ಮುಂಭಾಗದಲ್ಲಿ, ಗುಂಡು ಗೆರೆಗಳಿಗೆ ಹೊಗುವ ಕಡೆ, ಮದ್ದಿನ ಮಸಿ ಗಟ್ಟಿಯಾದ ಉಂಗುರವಾಗಿ ಕೂರುತ್ತದೆ. ಪಾಯಿಂಟ್ 22 ರೈಫಲ್ಲಿನಲ್ಲಿ ಗುಂಪು (ಒಂದೇ ಗುರಿಗೆ ಹೊಡೆದ ಗುಂಡುಗಳು ಬೀಳುವ ಹರವು) ಹರಡಲು ಇದೊಂದು ಸಾಮಾನ್ಯ ಕಾರಣವಾದ್ದರಿಂದ ಅಲ್ಲಿ ಸಾಲ್ವೆಂಟ್ ಬಟ್ಟೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಮೆದುಗೊಳಿಸಬೇಕು, ಕೆರೆಯಬಾರದು.

ಬೋಲ್ಟಿನ ಮುಖ, ಚಿಪ್ಪೆಳೆಯುವ ಕೊಕ್ಕೆಯ ಅಡಿ, ಇವುಗಳಲ್ಲಿ ಸೇರಿದ ಮೇಣ ಮತ್ತು ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಎಣ್ಣೆಯನ್ನು ಒಂದು ಹನಿ ಹಾಕಿ ಒರೆಸಿದರೆ ಸಾಕು. ಕೈಗೆ ಸೀಸ ಅಂಟಿರುತ್ತದೆ, ಊಟಕ್ಕೆ ಮುಂಚೆ ಸೋಪಿನಿಂದ ತೊಳೆಯುವುದನ್ನು ಮರೆಯಬೇಡಿ.

ಇಲ್ಲಿ ಆಗುವ ದೊಡ್ಡ ತಪ್ಪು ಅತಿ ಶುಚಿತ್ವ. ಪಾಯಿಂಟ್ 22 ಗುಂಡಿನ ಮೇಲೆ ಮೇಣದಂತಹ ಲೇಪವಿರುತ್ತದೆ. ಆ ಲೇಪ ನಳಿಗೆಯೊಳಗೆ ತೆಳ್ಳಗೆ ಹರಡಿ ನೆಲೆಗೊಂಡ ಮೇಲೆಯೇ ರೈಫಲ್ ಒಂದೇ ಜಾಗಕ್ಕೆ ಹೊಡೆಯಲಾರಂಭಿಸುತ್ತದೆ. ಸ್ಪರ್ಧೆಯ ಬೆಳಿಗ್ಗೆ ನಳಿಗೆಯನ್ನು ಕನ್ನಡಿಯಂತೆ ಒರೆಸಿಕೊಂಡು ಮೈದಾನಕ್ಕೆ ಹೋದವರ ಮೊದಲ ಗುಂಡು ಎಲ್ಲೋ ಹೋಗುವುದು ಸಹಜ. ಪೂರ್ತಿ ಶುಚಿಗೊಳಿಸುವ ಕೆಲಸವನ್ನು ಆಗಸ್ಟ್ ತಿಂಗಳಲ್ಲೇ ಮುಗಿಸಿ, ಅನಂತರ ಹತ್ತು ಗುಂಡುಗಳನ್ನಾದರೂ ಹೊಡೆದು ನಳಿಗೆಯನ್ನು ನೆಲೆಗೊಳಿಸಿ.

ಹಂತ 5: ಮರ ಮತ್ತು ತಿರುಪು

ಕೊಡಗಿನಲ್ಲಿ ಗುರಿ ಕೆಡುವುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುವಾಗ ಮರದ ಹಿಡಿ ತೇವ ಹೀರಿ ಉಬ್ಬುತ್ತದೆ, ಉಬ್ಬಿದ ಮರ ನಳಿಗೆಯನ್ನು ಒಂದು ಬದಿಯಿಂದ ಒತ್ತುತ್ತದೆ. ನನ್ನ ಬ್ರುನೊ ರೈಫಲ್ ಒಂದು ಆಗಸ್ಟಿನಲ್ಲಿ ಐವತ್ತು ಮೀಟರಿಗೆ ಆರು ಸೆಂಟಿಮೀಟರ್ ಎಡಕ್ಕೆ ಸರಿದಿತ್ತು. ಸ್ಕೋಪನ್ನು ತಿರುಗಿಸಿ ಸರಿಪಡಿಸಿಕೊಂಡೆ. ಜನವರಿಯಲ್ಲಿ ಮರ ಒಣಗಿದಾಗ ಅಷ್ಟೇ ಬಲಕ್ಕೆ ಹೋಯಿತು. ಅದಾದ ಮೇಲೆಯೇ ನಾನು ಕಾಗದದ ಪರೀಕ್ಷೆಯನ್ನು ಕಲಿತದ್ದು.

ಸಾಧಾರಣ ಬರೆಯುವ ಕಾಗದದ ಪಟ್ಟಿಯೊಂದನ್ನು ನಳಿಗೆಗೂ ಮರಕ್ಕೂ ನಡುವೆ ಮುಂದಿನಿಂದ ತೂರಿಸಿ ಹಿಂದಕ್ಕೆ ಎಳೆಯುತ್ತ ಬನ್ನಿ. ಎಡಬಲ ಎರಡೂ ಕಡೆ ಸಮನಾಗಿ ಜಾರಿದರೆ ಸರಿ, ಒಂದು ಬದಿಯಲ್ಲಿ ಮಾತ್ರ ಕಚ್ಚಿದರೆ ಅಲ್ಲಿ ಮರ ತಾಗುತ್ತಿದೆ. ಕೆಲವು ರೈಫಲ್‌ಗಳಲ್ಲಿ ಮುಂತುದಿಯಲ್ಲಿ ಒತ್ತು ಇರಬೇಕೆಂದೇ ತಯಾರಕರು ಇಟ್ಟಿರುತ್ತಾರೆ. ಅಲ್ಲಿ ಒತ್ತು ನೇರ ಅಡಿಯಿಂದ ಇರಬೇಕೇ ಹೊರತು ಬದಿಯಿಂದಲ್ಲ. ತಾಗುವ ಜಾಗವನ್ನು ದುಂಡುಕಡ್ಡಿಗೆ ಸುತ್ತಿದ ಮರಳುಕಾಗದದಿಂದ ಎಳ್ಳಷ್ಟೇ ತೀಡಿ, ತೀಡಿದ ಹಸಿ ಮರಕ್ಕೆ ಕೂಡಲೇ ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ದಿನ ಬಿಟ್ಟು ಬಿಟ್ಟು ಹಚ್ಚಿ ಮುಚ್ಚಿ. ಹೊರಮೈಗೆ ಮಾತ್ರ ಪಾಲಿಶ್ ಹೊಡೆದು ಒಳಗಿನ ಕಾಲುವೆಯನ್ನು ಹಾಗೆಯೇ ಬಿಟ್ಟರೆ ಮಳೆ ಒಳಗಿನಿಂದಲೇ ಕೆಲಸ ಮಾಡುತ್ತದೆ.

ಅನಂತರ ಮರವನ್ನು ಹಿಡಿದಿರುವ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ, ಮುಂದಿನದು ಹಿಂದಿನದು ಎಂದು ಸರದಿಯಲ್ಲಿ ಬಿಗಿಯಿರಿ. ಸ್ಕೋಪಿನ ಹಿಡಿಕೆಯ ತಿರುಪುಗಳನ್ನೂ ಮುಟ್ಟಿ ನೋಡಿ. ಮೈ ಬಲವೆಲ್ಲ ಹಾಕಿ ಬಿಗಿದರೆ ಉಬ್ಬಿದ ಮರ ಜಜ್ಜಿಹೋಗಿ ಬೇಸಿಗೆಯಲ್ಲಿ ಮತ್ತೆ ಸಡಿಲವಾಗುತ್ತದೆ.

ಹಂತ 6: ತೋಟಾದ ಆಯ್ಕೆ

ಒಂದು ರೈಫಲ್ಲಿಗೆ ಒಗ್ಗಿದ ತೋಟಾ ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ, ಒಂದೇ ಕಂಪನಿಯ ಎರಡು ರೈಫಲ್‌ಗಳಲ್ಲೂ ಹೀಗಾಗುತ್ತದೆ. ಪ್ರಮಾಣಪತ್ರದ ಮಿತಿಯೊಳಗೆ ಮೂರು ನಾಲ್ಕು ಬಗೆಯನ್ನು ಒಂದೊಂದು ಪೆಟ್ಟಿಗೆ ತಂದು, ಮೂಟೆಯ ಮೇಲೆ ರೈಫಲ್ಲನ್ನು ಊರಿ, ಪ್ರತಿಯೊಂದರಿಂದ ಐದೈದು ಗುಂಡುಗಳ ನಾಲ್ಕು ಗುಂಪು ಹೊಡೆಯಿರಿ. ಬಗೆ ಬದಲಿಸಿದಾಗ ಮೊದಲ ಐದಾರು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನ ತೋಟಾದ ಮೇಣ ಹೋಗಿ ಹೊಸದು ನೆಲೆಗೊಳ್ಳಬೇಕು.

ನಲವತ್ತು ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡಿರುವ, ಸ್ಟ್ಯಾಂಡರ್ಡ್ ವೇಗದ ತೋಟಾದಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಅದರ ವೇಗ ಸೆಕೆಂಡಿಗೆ 325 ಮೀಟರ್ ಆಸುಪಾಸು, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ. ಹೈ ವೆಲಾಸಿಟಿ ತೋಟಾ ಶಬ್ದಕ್ಕಿಂತ ವೇಗವಾಗಿ ಹೊರಟು ದಾರಿಯಲ್ಲಿ ಅದಕ್ಕಿಂತ ಕೆಳಗಿಳಿಯುವಾಗ ಗುಂಡು ಅಲುಗಾಡುತ್ತದೆ. ಜೋರಾಗಿ ಸದ್ದು ಮಾಡುವ ತೋಟಾ ಹೆಚ್ಚು ನಿಖರ ಎಂಬ ನಂಬಿಕೆ ಸುಳ್ಳು. ಡಬ್ಬದ ತಳದಲ್ಲಿ ಉಳಿದ ಬೇರೆ ಬೇರೆ ವರ್ಷಗಳ ತೋಟಾಗಳನ್ನು ಒಟ್ಟುಗೂಡಿಸಿ ಸ್ಪರ್ಧೆಗೆ ಒಯ್ಯಬೇಡಿ. ಹಸಿರು ಕಿಲುಬು ಹಿಡಿದದ್ದು, ಗುಂಡು ಚಿಪ್ಪಿನಲ್ಲಿ ಅಲುಗಾಡುವುದು, ಇವನ್ನು ಹೊಡೆಯಲೇಬಾರದು.

ಹಂತ 7: ಗುರಿ ಕೂರಿಸುವುದು

ಜಾಗ ಮೊದಲು. ಪಾಯಿಂಟ್ 22 ಚಿಕ್ಕದೆಂದು ಹಗುರವಾಗಿ ಕಾಣಬೇಡಿ, ಅದರ ಗುಂಡು ಎರಡು ಕಿಲೋಮೀಟರ್ ದೂರದವರೆಗೂ ಹೋಗಬಲ್ಲದು. ಕಾಫಿ ತೋಟದಲ್ಲಿ ಸಿಲ್ವರ್ ಮರದ ಕಾಂಡವನ್ನು ಹಿನ್ನೆಲೆ ಎಂದುಕೊಂಡು ಹೊಡೆಯುವುದು ತಪ್ಪು. ಗುಂಡು ಮರದ ಬದಿಗೆ ತಾಗಿ, ಕಲ್ಲಿಗೆ ತಾಗಿ, ಕೆರೆಯ ನೀರಿಗೆ ತಾಗಿ ದಿಕ್ಕು ಬದಲಿಸುತ್ತದೆ, ಆಚೆ ಕಾರ್ಮಿಕರ ಲೈನ್ ಮನೆಗಳಿರುತ್ತವೆ, ಗಿಡಗಳ ನಡುವೆ ಕೆಲಸದವರು ಬಾಗಿ ನಿಂತಿರುತ್ತಾರೆ. ಅನುಮತಿ ಇರುವ ರೇಂಜ್ ಅಥವಾ ಆಯೋಜಕರು ಎತ್ತರದ ಮಣ್ಣಿನ ದಿಬ್ಬ ಹಾಕಿಸಿದ ಮೈದಾನ ಇದ್ದರೆ ಮಾತ್ರ ಈ ಹಂತಕ್ಕೆ ಬನ್ನಿ.

ಹಾಳೆಯನ್ನು ಮೊದಲು ಇಪ್ಪತ್ತೈದು ಮೀಟರಿಗೆ, ಗುಂಡು ಹಾಳೆಯಲ್ಲಿ ಬೀಳುವುದು ಖಚಿತವಾದ ಮೇಲೆ ಐವತ್ತು ಮೀಟರಿಗೆ ಇಡಿ. ಐದು ಗುಂಡು ಹೊಡೆದು ಗುಂಪಿನ ನಡುಬಿಂದುವನ್ನು ಗುರುತಿಸಿ, ಅದನ್ನು ನೋಡಿ ತಿರುಗಿಸಿ. ಒಂದೊಂದು ಗುಂಡಿಗೂ ಸ್ಕೋಪ್ ತಿರುಗಿಸುವವರು ಸಂಜೆಯವರೆಗೂ ತಿರುಗಿಸುತ್ತಲೇ ಇರುತ್ತಾರೆ. ಕಾಲು ಮಿನಿಟಿನ (ಮಿನಿಟ್ ಎಂದರೆ ಇಲ್ಲಿ ಕೋನದ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಕ್ಲಿಕ್ ಇರುವ ಸ್ಕೋಪಿನಲ್ಲಿ ಐವತ್ತು ಮೀಟರಿಗೆ ಒಂದು ಕ್ಲಿಕ್ ಎಂದರೆ ಸುಮಾರು 3.6 ಮಿಲಿಮೀಟರ್. ಗುಂಪು ನಾಲ್ಕು ಸೆಂಟಿಮೀಟರ್ ಎಡಕ್ಕಿದ್ದರೆ ಹನ್ನೊಂದು ಕ್ಲಿಕ್ ಬಲಕ್ಕೆ. ಸ್ಕೋಪ್ ಇಲ್ಲದ ಕಬ್ಬಿಣದ ಸೈಟ್ ಆದರೆ ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ದಿಕ್ಕಿಗೇ ಸರಿಸಬೇಕು, ಮುಂದಿನದನ್ನು ವಿರುದ್ಧ ದಿಕ್ಕಿಗೆ. ಐವತ್ತು ಮೀಟರಿಗೆ ಕೂರಿಸಿದ ಗುರಿ ಇಪ್ಪತ್ತೈದು ಮೀಟರಿನಲ್ಲಿ ಒಂದೆರಡು ಸೆಂಟಿಮೀಟರ್ ಮೇಲೆ, ನೂರು ಮೀಟರಿನಲ್ಲಿ ಇಪ್ಪತ್ತು ಸೆಂಟಿಮೀಟರ್ ಆಸುಪಾಸು ಕೆಳಗೆ ಬೀಳುತ್ತದೆ. ಆಯೋಜಕರು ಕಾಯಿ ಕಟ್ಟುವ ದೂರವನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಎಂದಿನ ಸದ್ದಿನ ಬದಲು ಠುಸ್ಸೆಂದರೆ ಇನ್ನೊಂದು ತೋಟಾ ಹಾಕಬೇಡಿ. ಗುಂಡು ನಳಿಗೆಯಲ್ಲೇ ನಿಂತಿರಬಹುದು, ಬೋಲ್ಟ್ ತೆಗೆದು ಬೆಳಕು ಕಂಡ ಮೇಲೆಯೇ ಮುಂದುವರಿಯಿರಿ. ಟ್ರಿಗರ್ ಎಳೆದರೂ ಹಾರದಿದ್ದರೆ ಮೂತಿಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ಬೋಲ್ಟ್ ಎಳೆಯಿರಿ. ಖಾಲಿ ಚಿಪ್ಪಿನ ಬುಡ ಉಬ್ಬಿದ್ದರೆ ಅಥವಾ ಅಂಚು ಸೀಳಿದ್ದರೆ, ಮುಖಕ್ಕೆ ಬಿಸಿ ಗಾಳಿ ಬಡಿದರೆ, ರೈಫಲ್ಲನ್ನು ಚೀಲಕ್ಕೆ ಹಾಕಿ ಬಂದೂಕು ಕೆಲಸಗಾರರಿಗೆ ತೋರಿಸಿ. ಕನ್ನಡಕ ಇರುವುದು ಈ ಗಳಿಗೆಗಾಗಿ.

ಹಂತ 8: ಮಾರ್ಪಾಡು

ಇಲ್ಲಿಯವರೆಗಿನ ಕೆಲಸ ಮುಗಿದು ಗುಂಪು ಹೇಗಿದೆ ಎಂಬುದು ತಿಳಿದ ಮೇಲೆ ಮಾತ್ರ ಬದಲಾವಣೆಯ ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ನಾಲ್ಕು ಗುಂಪು ಹೊಡೆದು ಹೋಲಿಸಿ.

ಮೊದಲ ಬದಲಾವಣೆ ಅಳತೆಯದು. ರೈಫಲ್ಲನ್ನು ಭುಜಕ್ಕೇರಿಸಿ ಕಣ್ಣು ಮುಚ್ಚಿ, ಕೆನ್ನೆ ಆನಿಸಿ, ಕಣ್ಣು ತೆರೆದಾಗ ಸೈಟ್ ನೇರವಾಗಿ ಕಾಣಬೇಕು. ಸ್ಕೋಪ್ ಹಾಕಿದ ಮೇಲೆ ಕಣ್ಣು ತಗ್ಗಿನಲ್ಲಿ ಉಳಿದರೆ ಕೆನ್ನೆಯ ಜಾಗಕ್ಕೆ ಚರ್ಮದ ಅಥವಾ ಫೋಮಿನ ದಿಂಬು ಕಟ್ಟಿ, ಹಿಡಿ ಗಿಡ್ಡವಾದರೆ ಹಿಂಬದಿಗೆ ರಬ್ಬರ್ ಪ್ಯಾಡ್ ಹಾಕಿ. ಇವು ಅಗ್ಗ, ಬೇಡವೆನಿಸಿದರೆ ತೆಗೆಯಬಹುದು, ಫಲವೂ ಬಹಳ.

ಎರಡನೆಯದು ಸ್ಕೋಪ್. ಹಲವು ಪಾಯಿಂಟ್ 22 ರೈಫಲ್‌ಗಳ ಮೇಲೆ 11 ಮಿಲಿಮೀಟರಿನ ಡವ್‌ಟೇಲ್ ತೋಡು ಇರುತ್ತದೆ, ದೊಡ್ಡ ರೈಫಲ್ಲಿನ ಹಿಡಿಕೆ ಅದಕ್ಕೆ ಕೂರುವುದಿಲ್ಲ. ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಯ ಗೆರೆಯೂ ಸರಿದಂತೆ ಕಾಣುವ ದೋಷ) ಐವತ್ತು ಗಜಕ್ಕೆ ಹೊಂದಿಸಿದ ರಿಮ್‌ಫೈರ್ ಸ್ಕೋಪ್ ಅಥವಾ ಹೊಂದಿಸಿಕೊಳ್ಳಬಹುದಾದ ಸ್ಕೋಪನ್ನೇ ಕೇಳಿ. ನೂರು ಗಜಕ್ಕೆ ಹೊಂದಿಸಿದ ಸ್ಕೋಪಿನಲ್ಲಿ ತಲೆ ಚೂರು ಅಲುಗಿದರೂ ಗುರಿಯ ಗೆರೆ ಕಾಯಿಯ ಮೇಲೆ ಓಡಾಡುತ್ತದೆ.

ಟ್ರಿಗರ್ ಕೊನೆಗೆ. ತಯಾರಕರೇ ಹೊಂದಿಸುವ ತಿರುಪು ಕೊಟ್ಟಿದ್ದರೆ ಕೈಪಿಡಿಯ ಮಿತಿಯಲ್ಲಿ ಮಾತ್ರ ಬಳಸಿ. ಒಳಭಾಗಗಳನ್ನು ಅರದಿಂದ ಉಜ್ಜಿ ಹಗುರ ಮಾಡಿದ ರೈಫಲ್ ಬೋಲ್ಟ್ ಮುಚ್ಚಿದ ಕೂಡಲೇ ತಾನಾಗಿ ಹಾರಿದ್ದನ್ನು ನಾನು ಒಂದು ಮೈದಾನದಲ್ಲಿ ಕಣ್ಣಾರೆ ಕಂಡಿದ್ದೇನೆ. ಗುಂಡು ಹೊಡೆಯುವವರ ಕಾಲಿನಿಂದ ಒಂದು ಮೊಳ ಮುಂದೆ ಮಣ್ಣಿಗೆ ಹೊಕ್ಕಿತು. ಈ ಕೆಲಸವನ್ನು ಪರವಾನಗಿ ಇರುವ ಕೆಲಸಗಾರರಿಗೇ ಬಿಡಿ. ಪಿಸ್ತೂಲ್ ಸ್ಪರ್ಧೆಗೆ ಹೋಗುವವರಿಗೆ ಇನ್ನೊಂದು ಕಾರಣವೂ ಇದೆ. ಅಂತರರಾಷ್ಟ್ರೀಯ ನಿಯಮದಂತೆ 25 ಮೀಟರ್ ಸ್ಪೋರ್ಟ್ ಪಿಸ್ತೂಲಿನ ಟ್ರಿಗರ್ 1000 ಗ್ರಾಂ ತೂಕವನ್ನು ತಡೆಯಲೇಬೇಕು, ಅದಕ್ಕಿಂತ ಹಗುರವಾದರೆ ಪರಿಶೀಲನೆಯಲ್ಲೇ ಹೊರಗೆ.

ಹಂತ 9: ಇಡುವುದು

ಚರ್ಮದ ಚೀಲ, ಫ್ಲಾನೆಲ್ ಬಟ್ಟೆ, ಗೋಣಿ – ಇವು ಮೂರೂ ತೇವ ಹಿಡಿಯುತ್ತವೆ, ಪ್ರಯಾಣಕ್ಕೆ ಬಳಸಿ, ಮನೆಯಲ್ಲಿ ಇಡಲು ಬಳಸಬೇಡಿ. ಬೀಗವಿರುವ ಕಪಾಟಿನಲ್ಲಿ, ಗೋಡೆಗೆ ತಾಗದಂತೆ, ಸಿಲಿಕಾ ಜೆಲ್ ಚೀಲಗಳೊಂದಿಗೆ ನಿಲ್ಲಿಸಿ. ಬಣ್ಣ ಬದಲಾದ ಸಿಲಿಕಾವನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿ ಮತ್ತೆ ಬಳಸಬಹುದು, ಆ ಬಾಣಲೆ ಅಡುಗೆಗೆ ಬೇಡ. ಬೋಲ್ಟ್ ಒಂದು ಕಡೆ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ, ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಿಯಾಯಿತಿ ಇಲ್ಲ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಹೊರತೆಗೆದು ಎಣ್ಣೆಬಟ್ಟೆಯಿಂದ ಒರೆಸಿ. ಚುನಾವಣೆಯ ಸಮಯದಲ್ಲಿ ಠೇವಣಿ ಇಟ್ಟ ಕೋವಿ ವಾಪಸು ಬಂದ ದಿನವೇ ಮೂರನೆಯ ಹಂತದಿಂದ ಮತ್ತೊಮ್ಮೆ ಪರೀಕ್ಷಿಸಿ.

ಕೆಂಪು ತುಕ್ಕು ಕಾಣಿಸಿದರೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್ಲಿನಿಂದ ಮೆಲ್ಲಗೆ ಉಜ್ಜಿ. ಗುರುತು ಸಂಖ್ಯೆಯ ಮೇಲೆ ಬಟ್ಟೆ ಮಾತ್ರ, ಸ್ಟೀಲ್ ವುಲ್ ಬೇಡ.

ಕೈಲ್‌ಪೊಳ್ದ್ ದಿನ ಕೋವಿಗೆ ಗಂಧ ಹಚ್ಚಿ, ತೋಕ್‌ಪೂ (ಅಗ್ನಿಶಿಖೆ ಹೂ) ಮುಡಿಸಿ ಪೂಜೆಗಿಡುತ್ತೇವೆ. ಒದ್ದೆ ಗಂಧವೂ ಹೂವಿನ ತೊಟ್ಟಿನ ನೀರೂ ನಳಿಗೆಯ ನೀಲಿ ಲೇಪದ ಮೇಲೆ ಎರಡು ದಿನ ಉಳಿದರೆ ಬೆರಳಗಲದ ತುಕ್ಕಿನ ಕಲೆ ಉಳಿಸಿ ಹೋಗುತ್ತವೆ. ಪೂಜೆಗೆ ಮುಂಚೆ ಲೋಹಕ್ಕೆ ತೆಳುವಾಗಿ ಮೇಣದ ಪಾಲಿಶ್ ಹಚ್ಚಿ, ಗಂಧವನ್ನು ಮರದ ಭಾಗಕ್ಕೆ ಇಡಿ. ಮರುದಿನ ಬೆಳಿಗ್ಗೆ ಹೂ ತೆಗೆದು, ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ, ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಿ ಕಪಾಟಿಗೆ ಸೇರಿಸಿ.